ಪೋರ್ಟಿಗೊಂದು ಕಾವಲು

ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ಚಿನಲ್ಲಿ ತಂತಿ ಸಿಕ್ಕಿಸುವ ಒಂದೊಂದು ಪೋರ್ಟಿಗೂ ಫಿಲ್ಟರು ಹಾಕಿ, ಯಾವ ಸಂದೇಶ ಒಳಬರಬೇಕು, ಯಾವುದು ಹೊಸ್ತಿಲಲ್ಲೇ ಸಾಯಬೇಕು ಎಂದು ತೀರ್ಮಾನಿಸುವ ನೆಟ್‌ವರ್ಕ್ ಮೇಸ್ತ್ರಿಗಳು ಬೆಳ್ಳಗಿರುವುದನ್ನೆಲ್ಲ ಸುಣ್ಣದ ನೀರೆಂದೇ ಎಣಿಸುವವರು. “ಮೇಸ್ತ್ರಿಗಳೇ, ನಮ್ಮ ಪ್ರಿಂಟರು ಏನು ತಪ್ಪು ಮಾಡ್ತು?” ಎಂದು ನರ್ಸಮ್ಮ ಕೇಳಿದರೆ, “ಇನ್ನೂ ಮಾಡಿಲ್ಲಮ್ಮ, ಅದೇ ನನ್ನ ಅನುಮಾನ” ಎನ್ನುತ್ತಾರೆ. ಮುಖ್ಯ ವೈದ್ಯರ ಕಂಪ್ಯೂಟರಿಗೂ ವಿನಾಯಿತಿಯಿಲ್ಲ. ಸ್ವಂತ ಮೇಜಿನದಕ್ಕಂತೂ ಇಮ್ಮಡಿ ಬಿಗಿ. ಅಂಥವರು, 2021ರ ಜೂನ್ 9, ಬುಧವಾರ, ತಮ್ಮ ಹೆಂಡತಿಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ, ಆ ಹಾಸಿಗೆಯಿಂದ ನರ್ಸುಗಳ ಮೇಜಿಗೆ ಸುದ್ದಿ ಕಳಿಸುವ ಮಾನಿಟರಿನ ಪೋರ್ಟಿಗಿದ್ದ ಫಿಲ್ಟರನ್ನು ತಾವೇ ತೆಗೆದುಹಾಕಿದರು. “ಈಗ ಕಳ್ಳ ನುಗ್ಗಿದರೆ?” ಎಂದು ನರ್ಸಮ್ಮ ಛೇಡಿಸಿದರು. ಮೇಸ್ತ್ರಿಗಳು ಮಾನಿಟರಿನಿಂದ ಕಣ್ಣು ಕೀಳಲಿಲ್ಲ. “ಕಳ್ಳನನ್ನ ನಾನಿಲ್ಲೇ ಕಾಯ್ತಾ ಕೂತಿದ್ದೀನಮ್ಮ. ನಾನೇ ಬರೆದ ನಿಯಮ ಎಲ್ಲೋ ತಪ್ಪಿ, ಇವಳ ಎದೆಬಡಿತದ ಸುದ್ದಿ ನಿಮಗೆ ಮುಟ್ಟದೇ ಹೋದರೆ?”