ಮಾವನವರ ಮಬ್ಬು ಬೆಳಕು
ಮದುವೆಯಾಗಿ ಬಂದ ದಿನ ಮನೆಯಲ್ಲಿ ಕರೆಂಟು ಹೋಗಿದೆ ಅಂದುಕೊಂಡಿದ್ದ ಸೊಸೆಗೆ, ಅದು ಮಾವನವರ ಕಾನೂನು ಎಂದು ಆಮೇಲೆ ತಿಳಿಯಿತು. ಎಲ್‌ಇಡಿ ಎಂದರೆ ಸಾಕು, ಆ ಮನುಷ್ಯ ಹಾವು ತುಳಿದವರಂತೆ ಹೌಹಾರುತ್ತಿದ್ದರು. "ಬಲ್ಬಲ್ಲಮ್ಮ ಅದು, ಕಣ್ಣಿಗೆ ಇಡೋ ಕೊಳ್ಳಿ! ನಿದ್ದೆಗೂ ಕನ್ನ ಹಾಕುತ್ತೆ!" ಹಾಲ್‌ನಲ್ಲಿ ಇದ್ದದ್ದು ಹೆಸರಿಗೊಂದು ಹಳದಿ ಮಿಣುಕು ದೀಪ, ಟಿವಿಯ ಮೂಲೆಯ ಕೆಂಪು ಚುಕ್ಕೆಗೂ ಕಪ್ಪು ಟೇಪು. ಊಟಕ್ಕೆ ಕೂತರೂ ಅವರು ತಂಪು ಕನ್ನಡಕ ತೆಗೆಯರು. ಆ ಮಬ್ಬಿನಲ್ಲಿ ಸೊಸೆ ಗೂಟದ ಮೇಲಿನ ಕೋಟನ್ನೇ ಭಾವ ಎಂದುಕೊಂಡು "ಕಾಫಿ ಕೊಡ್ಲಾ?" ಎಂದು ಎರಡೆರಡು ಸಲ ಕೇಳಿದ್ದಳು. ಅತ್ತೆಯ ಮಸುಕಾಗುತ್ತಿದ್ದ ಕಣ್ಣು ನೋಡಿದ ಡಾಕ್ಟರು, "ಇದು ಬಲ್ಬಿಂದ ಬಂದಿದ್ದಲ್ಲ ಯಜಮಾನ್ರೇ. ಮಲಗೋ ಮುಂಚೆ ಬೆಳಕು ಕಮ್ಮಿ ಮಾಡ್ಕೊಂಡ್ರೆ ನಿದ್ದೆಗೆ ಒಳ್ಳೇದು, ಅಷ್ಟೇ" ಎಂದರೂ ಮಾವ ಜಪ್ಪಯ್ಯ ಅನ್ನಲಿಲ್ಲ. "ಅವನ ಬೋರ್ಡೇ ಎಲ್‌ಇಡಿದು, ಇನ್ನೇನು ಹೇಳ್ತಾನೆ!" ಸಂಜೆಯಾದರೆ ಅತ್ತೆಯ ಕೋಣೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಮರೆತು ಬಾಗಿಲು ತಳ್ಳಿದ ಸೊಸೆ, ಕಣ್ಣು ಕುಕ್ಕಿ ನಿಂತಲ್ಲೇ ಕಲ್ಲಾದಳು. ನೆಲಕ್ಕೆ ಬಿದ್ದ ಸೂಜಿಯೂ ಕಾಣುವಂಥ ಬೆಳಕು. ಮಾವ ಇಷ್ಟು ದಿನ ಶಾಪ ಹಾಕಿದ್ದ ಅದೇ ಬಿಳಿ ಎಲ್‌ಇಡಿ! ಅದರ ಬುಡದಲ್ಲೇ ಅವರು ಕನ್ನಡಕ ತೆಗೆದಿಟ್ಟು, ನೀರು ಸುರಿಯುವ ಕಣ್ಣು ಮುಚ್ಚದೆ, ಮುಖವೊಡ್ಡಿ ಕೂತಿದ್ದರು. ಗೇಣು ದೂರದಲ್ಲಿ ಅತ್ತೆ ಹೇಳುತ್ತಿದ್ದರು: "ಇನ್ನೊಂಚೂರು ಈ ಕಡೆ ತಿರುಗಿ. ಹಾಂ, ಈಗ ಮೂಗು ಕಾಣಿಸ್ತು. ಹಾಗೇ ಇರಿ."