ನೊರೆ ಬಂದ ಕಲ್ಲುಗಳು

ನಾಗವ್ವ ಸವಳು ನೀರು ತಂದಿರಲಿಲ್ಲ. ಬಂಗಲೆಯ ಆ ಮೀನುಗಳನ್ನು ಕೊಂದವಳು ನಾನು. ಕೈತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ — ಬೇಕೆಂದೇ ಕಲ್ಲು ಆರಿಸಿ, ತೊಳೆದು, ಗಾಜಿನ ತೊಟ್ಟಿಯೊಳಗಿಟ್ಟು ಕೊಂದೆ. ಸುರಪುರದ ಹಳಬರಿಗೆ ಈ ಸಂಗತಿ ಬೇರೆ ಥರ ಗೊತ್ತಿದೆ. ನಿಮಗೆ ಗೊತ್ತಿರುವುದು ಸುಳ್ಳು, ಆ ಸುಳ್ಳನ್ನು ಹುಟ್ಟಿಸಿದವಳೂ ನಾನೇ.

ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ. ಆದರೆ ಹೇಳಿದ ಮೇಲೆ 'ಪಾಪ' ಎನ್ನಬೇಡಿ, ನನಗದು ಬೇಕಿಲ್ಲ.

ನಾವು ಗುಡ್ಡದ ಬುಡದಲ್ಲಿ ಕಲ್ಲೊಡೆಯುವ ಜನ. ಊರಿಗೆ ಎರಡು ಬಾವಿಗಳಿದ್ದವು. ಸಿಹಿನೀರಿನದು ಊರೊಳಗೆ, ಸವಳು ನೀರಿನದು ನಮ್ಮ ಕೇರಿಯ ಹತ್ತಿರ. ನಮ್ಮ ಕಡೆ ನೀರಿನ ಗುಣವನ್ನು ನಾಲಿಗೆಯಿಂದ ಅಳೆಯುವುದಿಲ್ಲ, ತೊಗರಿಬೇಳೆಯಿಂದ ಅಳೆಯುತ್ತಾರೆ. ಸಿಹಿನೀರಿನಲ್ಲಿ ಬೇಳೆ ಕರಗಿ ಬೆಣ್ಣೆಯಾಗುತ್ತದೆ, ಸವಳು ನೀರಿನಲ್ಲಿ ಸಂಜೆಯವರೆಗೆ ಕುದಿಸಿದರೂ ಹರಳಿನ ಹಾಗೆ ಉಳಿಯುತ್ತದೆ. ನಮ್ಮವರು ಸಿಹಿಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ನಿಲ್ಲಬೇಕು, ಯಾರಾದರೂ ಸೇದುವವರು ಮನಸ್ಸು ಬಂದರೆ ಮೇಲಿನಿಂದ ಹೊಯ್ಯುತ್ತಿದ್ದರು. ಮನೆಮನೆಗೆ ನೀರು ಹೊತ್ತು ಬದುಕುತ್ತಿದ್ದ ನಾಗವ್ವನೇ ಹೆಚ್ಚಾಗಿ ಅಲ್ಲಿರುತ್ತಿದ್ದಳು.

ಒಮ್ಮೆ ನನ್ನ ತಮ್ಮನಿಗೆ ಜ್ವರ. ಬೇಳೆಕಟ್ಟು ಕುಡಿಸಬೇಕೆಂದು ಅವ್ವ ನನ್ನನ್ನು ಕರೆದುಕೊಂಡು ಸಿಹಿಬಾವಿಗೆ ಹೋದಳು. ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ತುಂಬಿದ ಕೊಡವನ್ನು ಬೇಗ ಎತ್ತಿಕೊಳ್ಳಲು ಹೋದಾಗ ಅವಳ ಕೈ ನೆಲಕ್ಕೆ ಬಿದ್ದಿದ್ದ ಹಗ್ಗದ ತುದಿಗೆ ತಾಗಿತು. ನಾಗವ್ವ ಕೊಡವನ್ನು ಕಾಲಿಂದ ಉರುಳಿಸಿಬಿಟ್ಟಳು.

"ನಿಮಗ್ಯಾಕಬೇ ಸೀನೀರು? ಕಲ್ಲು ತಿಂದು ಕರಗಸೋ ಮಂದಿ ನೀವು. ಬೇಳಿ ಬೇಯದಿದ್ರ ಹಂಗ ನುಂಗ್ರಿ!"

ಸುತ್ತಲಿದ್ದವರು ನಕ್ಕರು. ಅವ್ವ ಖಾಲಿ ಕೊಡ ಎತ್ತಿಕೊಂಡು ನಡೆದಳು. ತಮ್ಮ ಸಾಯಲಿಲ್ಲ — ಹಾಗೆ ಬರೆದು ನಿಮ್ಮ ಕಣ್ಣೀರು ಗಿಟ್ಟಿಸಲಾರೆ. ಅವನು ಗುಣವಾದ. ನಾನು ಆಗಲಿಲ್ಲ. ಇದರ ಸೇಡು ತೀರಿಸದಿದ್ದರೆ ನಾನು ನಮ್ಮವ್ವನ ಮಗಳೇ ಅಲ್ಲ ಎಂದುಕೊಂಡೆ.

ಆಮೇಲೆ ಏಕೀಕರಣವಾಯಿತು. ಕಚೇರಿಗಳ ಉರ್ದು ಫಲಕಗಳು ಇಳಿದು ಕನ್ನಡದವು ಏರಿದವು. ಮೈಸೂರು ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಬಂದು, ಊರಾಚೆ ನಮ್ಮ ಕೇರಿಯ ಕಡೆಗಿದ್ದ ಬಂಗಲೆಯಲ್ಲಿ ಇಳಿದುಕೊಂಡರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವರು ಎನ್ನುತ್ತಿದ್ದೆವು. ಚರಕ ಹಿಡಿದ ಮನೆತನದಿಂದ ಬಂದವರು, ಮುಟ್ಟು-ಚಟ್ಟು ಎಣಿಸುತ್ತಿರಲಿಲ್ಲ. ಅಂಗಳ ಗುಡಿಸಲು ಹೋದ ನನ್ನನ್ನು ಒಳಗೆ ಕರೆದು ಕೂಡಿಸಿ ಅ-ಆ ತಿದ್ದಿಸಿದರು. ಈ ಅಕ್ಷರಗಳು ಅವರು ಕೊಟ್ಟವು. ಅಂಥವರಿಗೆ ನಾನು —

ಅವರಿಗೆ ಮಕ್ಕಳಿರಲಿಲ್ಲ, ಮೀನುಗಳಿದ್ದವು. ಮುಂಬಯಿಯಿಂದ ಯಾದಗಿರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಜೀಪಿನಲ್ಲಿ, ಡಬ್ಬಿಯೊಳಗೆ ಬಂದಿದ್ದವು. ತೆಳ್ಳನೆಯ ಮೈ, ಕಪ್ಪು ಪಟ್ಟೆ, ಉದ್ದನೆಯ ರೆಕ್ಕೆ. ನಮ್ಮ ಕೆರೆಯ ಮೀನುಗಳಾದರೆ ಎಂಥ ನೀರಲ್ಲೂ ಬದುಕುತ್ತವೆ, ಇವಕ್ಕೆ ಸಿಹಿಬಾವಿಯ ನೀರೇ ಆಗಬೇಕು. ಅದನ್ನು ಹೊತ್ತು ತರುತ್ತಿದ್ದವಳು ನಾಗವ್ವ. ಬಂಗಲೆಗೆ ನೀರು ಹಾಕುವವಳು ಎಂದು ಊರಲ್ಲಿ ಅವಳ ನಡಿಗೆಯೇ ಬದಲಾಗಿತ್ತು.

ಒಂದು ದಿನ ಅಮ್ಮಾವರು ತೊಟ್ಟಿಯೊಳಗೆ ಗುಹೆಯಂತೆ ಜೋಡಿಸಲು ಕಲ್ಲು ಬೇಕೆಂದರು. ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟರು. ನನ್ನನ್ನು ಅವರು ಭೀಮಾ ಎನ್ನುತ್ತಿದ್ದರು.

"ಭೀಮಾ, ಪ್ರತಿ ಕಲ್ಲಿನ ಮೇಲೂ ಇದರ ರಸ ಬಿಟ್ಟು ನೋಡು. ನೊರೆ ಬಂದ್ರೆ ಅದು ಸುಣ್ಣದ ಕಲ್ಲು, ನೀರಲ್ಲಿ ಕರಗ್ತಾ ಕರಗ್ತಾ ನೀರನ್ನೇ ಗಡಸು ಮಾಡಿಬಿಡುತ್ತೆ. ನೊರೆ ಬರದಿರೋ ಕಲ್ಲು ಮಾತ್ರ ತಗೊಂಡ್ ಬಾ."

ಗಡಸು ನೀರು — ಎಂದರೆ ಬೇಳೆ ಬೇಯದ ನೀರು! ಆ ಕ್ಷಣದಲ್ಲೇ ನನಗೆ ಎಲ್ಲವೂ ಹೊಳೆಯಿತು. ಹೊಳೆದದ್ದು ಮಾತ್ರವಲ್ಲ, ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ನಮ್ಮ ಗುಡ್ಡದ ಕರಿಗಲ್ಲಿಗೆ ರಸ ಬಿಟ್ಟೆ, ಸುಮ್ಮನೆ ಜಾರಿ ಹೋಯಿತು. ಅವನ್ನು ಬದಿಗಿಟ್ಟೆ. ಸುಣ್ಣದ ಭಟ್ಟಿಗೆಂದು ಶಹಾಪುರದ ಕಡೆಯಿಂದ ಗಾಡಿಯಲ್ಲಿ ಬರುತ್ತಿದ್ದ ಬಿಳಿಗಲ್ಲಿಗೆ ಬಿಟ್ಟೆ. ಬುಸುಬುಸು ನೊರೆ ಎದ್ದಿತು. ಅದರಲ್ಲೂ ಬೇಗ ಪುಡಿಯಾಗುವಂಥದ್ದನ್ನೇ ಆರಿಸಿದೆ. ಒಂದಷ್ಟನ್ನು ಕುಟ್ಟಿ ತೊಟ್ಟಿಯ ಮರಳಿನಲ್ಲಿ ಬೆರೆಸಿದೆ. ಅಮ್ಮಾವರು ಕೇಳಿದಾಗ "ಎಲ್ಲಾ ನೋಡೀನ್ರಿ, ಒಂದಕ್ಕೂ ನೊರಿ ಬರಲಿಲ್ರಿ" ಎಂದೆ. ಅವರು ನಂಬಿದರು, ಮರುಪರೀಕ್ಷೆಯ ಯೋಚನೆಯನ್ನೂ ಮಾಡಲಿಲ್ಲ.

ಮೀನುಗಳು ಒಮ್ಮೆಲೇ ಸಾಯಲಿಲ್ಲ. ಮೊದಲು ಮೇವು ಬಿಟ್ಟವು. ಆಮೇಲೆ ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದವು. ಅಮ್ಮಾವರು ಗಾಜಿಗೆ ಹಣೆ ಹಚ್ಚಿ ಕೂತಿರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಾಗುಣಿತ ಬರೆಯುತ್ತಿದ್ದೆ. ನೋಡಿಯೂ ಕಲ್ಲು ತೆಗೆಯಲಿಲ್ಲ. ಕೊನೆಯ ಮೀನೂ ಹೊಟ್ಟೆ ಮೇಲಾಗಿ ತೇಲಿದ ದಿನ, ತೊಳೆಯುವ ನೆಪದಲ್ಲಿ ಬಿಳಿಗಲ್ಲು ತೆಗೆದು ಕರಿಗಲ್ಲು ಇಟ್ಟೆ. ಮೀನುಗಳ ದುಃಖದಲ್ಲಿದ್ದ ಅಮ್ಮಾವರು ಕಲ್ಲಿನ ಬಣ್ಣ ಗಮನಿಸಲಿಲ್ಲ. ನೀರನ್ನು ಮಾತ್ರ ಚೆಲ್ಲಲಿಲ್ಲ.

"ಯಾಕೆ ಹೀಗಾಯ್ತೇ?" ಎಂದು ಅವರು ಅತ್ತರು.

ನಾನೆಂದೆ: "ನೀರು ನೋಡ್ರಿ ಅಮ್ಮಾವ್ರ. ಬೇಳಿ ಹಾಕಿ ಬೇಯಸ್ರಿ."

ಬೇಯಿಸಿದರು. ಮಧ್ಯಾಹ್ನವಾದರೂ ಆ ತೊಟ್ಟಿಯ ನೀರಿನಲ್ಲಿ ಬೇಳೆ ಹರಳು ಹರಳಾಗಿಯೇ ಇತ್ತು. ನಾಗವ್ವನನ್ನು ಕರೆಸಿದರು. ದೂರದ ಬಾವಿಗೆ ಹೋಗಲು ಬೇಸರಪಟ್ಟು ಹತ್ತಿರದ ಸವಳು ನೀರು ತಂದಿದ್ದಾಳೆ ಎಂದು ಎಲ್ಲರೂ ಆಗಲೇ ತೀರ್ಮಾನಿಸಿಯಾಗಿತ್ತು. ಅವಳು ತಲೆಯ ಮೇಲಿನ ಕೊಡ ಇಳಿಸಿ, "ನನ್ನ ಮಗಳ ಆಣಿರಿ, ಈ ಕೊಡದಾಗಿಂದು ಬೇಯಸ್ರಿ, ಈಗ ತಂದೀನಿ" ಎಂದು ಅಂಗಲಾಚಿದಳು. ಅದನ್ನೂ ಬೇಯಿಸಿದರು. ಬೇಳೆ ಕರಗಿ ಹೋಯಿತು. ಅಮ್ಮಾವರ ಮುಖದಲ್ಲಿ ಅನುಮಾನ ಕಂಡಿತು. ಅಲ್ಲಿಗಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಉಳಿಯುತ್ತಿದ್ದಳು.

"ಇವತ್ತ ತಂದಾಳ್ರಿ. ಮೀನ ಸತ್ತ ಸುದ್ದಿ ಕೇಳಿ ತಂದಾಳ" ಎಂದೆ.

ಅಷ್ಟೇ ಮಾತು. ಅವತ್ತೇ ಅವಳ ಕೆಲಸ ಹೋಯಿತು. ಬಂಗಲೆಗೇ ಮೋಸ ಮಾಡಿದವಳು ನಮ್ಮನ್ನು ಬಿಟ್ಟಾಳೆಯೇ ಎಂದು ಉಳಿದ ಮನೆಗಳೂ ಕೈಬಿಟ್ಟವು. ಹುಣಸಗಿಯಲ್ಲಿ ನಡೆದಿದ್ದ ಅವಳ ಮಗಳ ಸಂಬಂಧದ ಮಾತು ಮುರಿಯಿತು. ಹೆಸರೇ 'ಸವಳ ನಾಗವ್ವ' ಆಯಿತು. ಕಡೆಗೆ ಹೊಟ್ಟೆಪಾಡಿಗೆ ನಮ್ಮ ಕಲ್ಲಿನ ಕಣಿಗೇ ಜಲ್ಲಿ ಹೊರಲು ಬಂದಳು. ಅವಳು ಬುಟ್ಟಿ ಹೊತ್ತು ಬಾಗಿದ್ದನ್ನು ನೋಡಿ ನಾನು ಎಷ್ಟು ಹಿಗ್ಗಿದೆ ಗೊತ್ತೇ? ಈಗ ಕಲ್ಲು ತಿನ್ನು, ನೋಡೋಣ!

ಅದೇ ಹೊತ್ತಿಗೆ ನಮ್ಮವ್ವ ತನ್ನ ನೀರಿನ ತತ್ರಾಣಿ ಹಿಡಿದು ಅವಳ ಹತ್ತಿರ ಹೋದಳು. "ಕುಡಿಯವ್ವ, ಬಿಸಲ ಭಾಳ ಐತಿ." ನಾಗವ್ವ ಒಂದು ಗಳಿಗೆ ತಡೆದಳು. ಆಮೇಲೆ ಗಟಗಟ ಕುಡಿದಳು. ನನಗೆ ಅವ್ವನ ಮೇಲೆ ಸಿಟ್ಟು ಒದ್ದುಕೊಂಡು ಬಂತು. ಯಾರ ಸಲುವಾಗಿ ನಾನು ಇಷ್ಟೆಲ್ಲ ಮಾಡಿದ್ದೆನೋ, ಅವಳಿಗೆ ಈ ಸೇಡು ಬೇಕಾಗಿಯೇ ಇರಲಿಲ್ಲ. ಅದು ನನಗೊಬ್ಬಳಿಗೇ ಬೇಕಿತ್ತು.

ಅಮ್ಮಾವರು ವರ್ಗವಾಗಿ ಹೋದರು, ನಾನು ಓದಿ ಶಾಲೆಯ ಮಾಸ್ತರಣಿಯಾದೆ. ನಾನು ಕಲಿಸಿದ ಮಕ್ಕಳೇ ಬೀದಿಯಲ್ಲಿ ಅವಳನ್ನು ಸವಳ ನಾಗವ್ವ ಎಂದು ಕೂಗುತ್ತಿದ್ದರು. ಕೇಳಿಯೂ ಕೇಳದಂತೆ ದಾಟಿ ಹೋಗುತ್ತಿದ್ದೆ.

ಹೋದ ವಾರ ಅವಳ ಮನೆಗೆ ಹೋದೆ. ಮುದುಕಿಯಾಗಿದ್ದಾಳೆ, ಮಗಳೇ ನೋಡಿಕೊಳ್ಳುತ್ತಾಳೆ. ಆ ಮಗಳಿಗೆ ಆಮೇಲೂ ಮದುವೆಯಾಗಲಿಲ್ಲ. ನಿಂಬೆಹಣ್ಣು, ಬಿಳಿಗಲ್ಲು, ಬೇಳೆ — ಎಲ್ಲ ಹೇಳಿದೆ. ನಮ್ಮವ್ವನ ಕೊಡ ಉರುಳಿಸಿದ್ದನ್ನೂ ಹೇಳಿದೆ. ಅವಳು ಇಲ್ಲವೆಂಬಂತೆ ತಲೆಯಾಡಿಸಿದಳು.

"ನೆನಪಿಲ್ಲವ್ವ. ಆಗ ಎಷ್ಟ ಮಂದಿ ಕೊಡ ಉಳ್ಳಸೀನೋ."

ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ. ಅವಳನ್ನು ನಾನು ಕ್ಷಮಿಸಿಲ್ಲ. ಆದರೆ ಅವಳು ಮಾಡಿದ ತಪ್ಪಿಗೆ ಶಿಕ್ಷೆಯಾಗಲಿಲ್ಲ, ಮಾಡದ ತಪ್ಪಿಗಾಯಿತು, ಅದನ್ನು ಕೊಟ್ಟವಳು ನಾನು. ಮಗಳಂತೂ ಯಾರ ಕೊಡವನ್ನೂ ಮುಟ್ಟಿರಲಿಲ್ಲ. ತಪ್ಪಾಯಿತು ಎಂದೆ. ನಾಗವ್ವ ನನ್ನ ಕೈ ಸರಿಸಿದಳು.

"ನನ್ನ ಮುಂದ ಯಾಕ ಹೇಳ್ತಿ? ನಾ ಎಂಥಾ ನೀರ ತಂದೀನಿ ನನಗ ಗೊತ್ತಿಲ್ಲೇನು? ಊರ ಮುಂದ ಹೇಳು."

ಅದಕ್ಕೇ ಬರೆದೆ. ಆದರೆ ಊರಲ್ಲಿ ಓದುವವರಿಗಿಂತ ಓದದವರೇ ಹೆಚ್ಚು, ಅವಳನ್ನು ಆ ಹೆಸರಿನಿಂದ ಕರೆದವರೂ ಅವರೇ ಹೆಚ್ಚು. ನಾಳೆ ಸಂತೆ. ಕಟ್ಟೆಯ ಮೇಲೆ ನಿಂತು, ಇದನ್ನು ದೊಡ್ಡ ದನಿಯಲ್ಲಿ ಓದುತ್ತೇನೆ. ನಾಗವ್ವನ ಮಗಳು ತಾನೂ ಬಂದು ಎದುರಿಗೆ ನಿಲ್ಲುತ್ತೇನೆ ಎಂದಿದ್ದಾಳೆ.