ಹಿಂದಿನ ಬಲಮೂಲೆಯ ದನಿ

ಕನ್ನಡಕದಂಗಡಿಯವನು ಅಕ್ಕನನ್ನು ಕಳೆದುಕೊಂಡಾಗ ಅವನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅಕ್ಕ ಹಾಡುವವಳು. ಹೆಸರು ಮಾಡಿದ ಗಾಯಕಿಯೇನಲ್ಲ. ದೊಡ್ಡವರು ಮುಂದೆ ನಿಂತು ಹಾಡುವಾಗ ಹಿಂದೆ ನಿಂತು ದನಿಗೂಡಿಸುವ ಹುಡುಗಿಯರಲ್ಲಿ ಒಬ್ಬಳು. ತೀರಿಕೊಂಡ ವರ್ಷ ಅವಳು ದನಿಗೂಡಿಸಿದ ಆಲ್ಬಂ ಮನೆಮನೆಗೂ ಹೋಯಿತು. ಅವಳ ದನಿ ಉಳಿದದ್ದು ಅದೊಂದರಲ್ಲೇ. ಆದರೆ ಆ ರೆಕಾರ್ಡಿನಲ್ಲಿ ಹುಡುಗಿಯರ ದನಿಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ತಮ್ಮ ಎಷ್ಟು ಕಿವಿಗೊಟ್ಟರೂ ಇದೇ ನಮ್ಮಕ್ಕ ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ.

ಅಮ್ಮನನ್ನು ಒಮ್ಮೆ ಕೇಳಿ ನೋಡಿದ. "ಸತ್ತವಳನ್ನ ಹಾಡೋ ಪೆಟ್ಟಿಗೇಲಿ ಹುಡುಕಬೇಡ" ಎಂದು ಅವಳು ಎದ್ದು ಹೋದಳು. ಆಮೇಲೆ ಆ ಆಲ್ಬಂ ಹಾಕಿದಾಗಲೆಲ್ಲ ಅಡುಗೆಮನೆ ಸೇರಿಬಿಡುತ್ತಿದ್ದಳು.

ಅವನು ಕನ್ನಡಕದ ಗಾಜು ಉಜ್ಜುವ ಕೆಲಸ ಕಲಿತ, ಅಂಗಡಿ ಇಟ್ಟ, ಮದುವೆಯಾದ. ಅದೇ ಆಲ್ಬಂ ನಾಲ್ಕು ಸ್ಪೀಕರುಗಳಿಗೆಂದೇ ಬೇರೆಯಾಗಿ ಬಂದಿದೆ ಎಂದು ಯಾರೋ ಗಿರಾಕಿ ಹೇಳಿದ್ದೇ ತಡ, ಅವನ ತಲೆಗೆ ಹುಳ ಹೊಕ್ಕಿತು. ಮುಂದೆ ಎರಡು, ಬೆನ್ನ ಹಿಂದೆ ಎರಡು ಸ್ಪೀಕರು. ಯಾವ ದನಿ ಯಾವ ಮೂಲೆಯಿಂದ ಬರಬೇಕೆಂದು ಕೂಡಿಸಿಟ್ಟಿರುತ್ತಾರೆ. ಅದಕ್ಕೆ ಮಿಕ್ಸ್ ಎನ್ನುತ್ತಾರೆ. ಮುದ್ದೆಯಾದ ದನಿಗಳು ಅಲ್ಲಿ ಬಿಡಿಬಿಡಿಯಾಗಬಹುದಲ್ಲ ಎಂಬುದು ಅವನ ಆಸೆ. ಅಂಗಡಿಯ ಮೇಲೆಯೇ ಅಮ್ಮ, ಹೆಂಡತಿಯೊಡನೆ ಅವನ ಮನೆ; ಅಲ್ಲಿನ ಒಂದು ಕೋಣೆಯ ನಾಲ್ಕು ಮೂಲೆಗೂ ಸ್ಪೀಕರು ಬಂದು ಕೂತವು.

"ನಿಮ್ಮ ಡಬ್ಬಗಳಿಗೆ ನಾಲ್ಕು ಮೂಲೆ ಸಿಕ್ತು, ನನ್ನ ಒಂದು ಕಪಾಟಿಗೆ ಜಾಗ ಇಲ್ಲ" ಎಂದಳು ಹೆಂಡತಿ. ಆದರೂ ಧೂಳು ಒರೆಸುತ್ತಿದ್ದವಳು ಅವಳೇ.

ಸಿಕ್ಕಿದ್ದು ಒಂದಲ್ಲ, ಎರಡು ಮಿಕ್ಸ್. ಹಳೆಯದು ಆಲ್ಬಂ ಬಂದ ವರ್ಷವೇ ರೆಕಾರ್ಡಿಂಗ್ ಮಾಡಿದಾತ ಮಾಡಿದ್ದು. ಹೊಸದು ಅದೇ ಟೇಪುಗಳಿಂದ ಬಹುಕಾಲದ ಮೇಲೆ ಮತ್ಯಾರೋ ಮಾಡಿದ್ದು. ಅವನು ಒಂದಾದ ಮೇಲೊಂದು ಹಾಕಿ ಹೋಲಿಸುತ್ತಿದ್ದ. ಹಳೆಯದರಲ್ಲಿ ಡ್ರಮ್ಮು ಬೆನ್ನಿಗೇ ಬಡಿದಂತಿತ್ತು, ಪಿಟೀಲು ಕೋಣೆಯನ್ನೇ ಸುತ್ತುತ್ತಿತ್ತು. ಹೊಸದರಲ್ಲಿ ಎಲ್ಲ ಅಚ್ಚುಕಟ್ಟು, ತೊಳೆದಿಟ್ಟ ಗಾಜಿನ ಹಾಗೆ. ಕೊನೆಯ ಹಾಡಿನ ಒಂದು ಸಾಲಿನಲ್ಲಿ ಹಿಂದಿನ ಎಡಮೂಲೆಯಿಂದ ಒಂದೇ ಒಂದು ಹೆಣ್ಣುದನಿ ತಿಳಿಯಾಗಿ ಏರುತ್ತಿತ್ತು. ಕೇಳಿದ ದಿನವೇ ಅವನ ಕಣ್ಣು ತುಂಬಿ ಬಂತು. ಇದೇ ಅಕ್ಕ ಎಂದು ತೀರ್ಮಾನಿಸಿಬಿಟ್ಟ.

ಹಳೆಯ ಮಿಕ್ಸಿನಲ್ಲಿ ಆ ದನಿ ಅಷ್ಟು ಸ್ಪಷ್ಟವಿರಲಿಲ್ಲ. ಹಿಂದಿನ ಬಲಮೂಲೆಯಿಂದ ಇನ್ನೊಂದು ತಗ್ಗಿದ, ಒಡಕು ದನಿ ಅಡ್ಡ ಬರುತ್ತಿತ್ತು. ಸಾಲಿನ ನಡುವೆಯೇ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. "ಇವಳನ್ನ ಯಾರು ಕರೆದ್ರೋ" ಎಂದು ಗೊಣಗುತ್ತ ಅವನು ಆ ಸ್ಪೀಕರಿನ ಗುಂಡಿ ತಿರುಗಿಸಿ ತಗ್ಗಿಸುತ್ತಿದ್ದ. ಕಡೆಕಡೆಗೆ ಆ ಗುಂಡಿ ತಗ್ಗಿದಲ್ಲೇ ನಿಂತುಹೋಯಿತು.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಓದುವ ಕನ್ನಡಕಕ್ಕೆಂದು ಬಂದರು. ಮೇಲೆ ಹೊಸ ಮಿಕ್ಸ್ ಹಾಡುತ್ತಿತ್ತು. ಆಕೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದವರು ತಲೆಯೆತ್ತಿ ಕಿವಿಗೊಟ್ಟರು.

"ಈ ಸಾಲು ಹಾಡಿರೋದು ನಾನು."

ಅವನ ಕೈಯಲ್ಲಿದ್ದ ಫ್ರೇಮು ಮೇಜಿಗೆ ಬಿತ್ತು. "ಇಲ್ಲ ಮೇಡಂ, ಅದು ನಮ್ಮಕ್ಕ" ಎಂದ.

ಆಕೆ ಅವನ ಮುಖವನ್ನೇ ನೋಡಿದರು. "ನೀನು ಅವಳ ತಮ್ಮನಾ? ನಮ್ಮ ಜೊತೆ ಹಾಡ್ತಿದ್ಲಲ್ಲ, ಆ ಚಳಿಗಾಲದಲ್ಲಿ ಹೋಗ್ಬಿಟ್ಲಲ್ಲ, ಅವಳ ತಮ್ಮನಾ?"

"ಹೌದು."

"ಅಯ್ಯೋ ಕೂಸೇ" ಎಂದವರು ಕುರ್ಚಿಯಲ್ಲಿ ಕುಸಿದು ಕೂತರು.

ಅವನು ಅಂಗಡಿ ಬಾಗಿಲು ಎಳೆದುಕೊಂಡು ಅವರನ್ನು ಮೇಲೆ ಕರೆದೊಯ್ದ. ಹಳೆಯ ಮಿಕ್ಸೂ ಇದೆ ಎಂದಾಗ ಅವರು ಅದನ್ನು ಹಾಕಿಸಿ ಕೇಳಿದರು. ಸ್ವಲ್ಪ ಹೊತ್ತಿಗೆ, "ಇದರಲ್ಲಿ ಏನೋ ಕಮ್ಮಿ ಇದೆಯಲ್ಲ. ಅವಳು ನನ್ನ ಬಲಕ್ಕೆ ನಿಂತಿದ್ದಳು" ಎಂದರು.

ಅವನು ತಗ್ಗಿಸಿಟ್ಟ ಗುಂಡಿಯ ಮೇಲೆ ಕೈಯಿಟ್ಟ. ತಿರುಗಿಸಿದ.

ಹಿಂದಿನ ಬಲಮೂಲೆಯಿಂದ ಆ ಒಡಕು ದನಿ ಬಂತು.

"ಇವಳೇ" ಎಂದರು ಆಕೆ. "ಅವತ್ತು ಮೈ ಸುಡ್ತಿತ್ತು. ಮನೆಗೆ ಹೋಗು ಅಂದ್ರೆ ಕೇಳಲಿಲ್ಲ. ರೆಕಾರ್ಡಿಂಗ್ ಮಾಡೋರು, ಹುಡುಗಿ ಇಷ್ಟು ಕಷ್ಟಪಟ್ಟಿದಾಳೆ, ಅವಳ ದನಿ ಇರಲಿ ಅಂತ ಒಂದು ಮೂಲೇಲಿ ಬೇರೆಯಾಗೇ ಇಟ್ಟರು. ಆಮೇಲೆ ಮಾಡಿದೋರಿಗೆ ಅವಳು ಯಾರು ಅಂತ ಏನು ಗೊತ್ತು? ಒಡಕು ಅಂತ ತೆಗೆದುಹಾಕಿರ್ತಾರೆ."

ಅವನು ನೆಲದ ಮೇಲೆ ಕೂತುಬಿಟ್ಟ. ಹೊಸ ಮಿಕ್ಸಿನವರು ತೆಗೆದದ್ದು ಒಂದು ಸಲ. ತಾನು ಅವಳ ಬಾಯಿ ಮುಚ್ಚಿದ್ದು ಎಷ್ಟು ಸಲವೋ. ಹಾಡು ನಡೆದೇ ಇತ್ತು. ದನಿ ಒಂದು ಕಡೆ ತಡವರಿಸಿತು, ಕೆಮ್ಮನ್ನು ನುಂಗಿಕೊಂಡಂತೆ ತುಸು ನಿಂತು, ಮತ್ತೆ ಸಾಲು ಹಿಡಿಯಿತು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯ ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಆ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮಗನ ಕಡೆ ನೋಡಲಿಲ್ಲ, ಬಂದವರನ್ನು ನೋಡಿದಳು.

"ಅವಳಿಗೆ ಕುಡಿಯೋಕೆ ನೀರು ಕೊಡೋರು ಯಾರೂ ಇರಲಿಲ್ವಾ ಅಲ್ಲಿ?"

"ಕೊಟ್ಟೆ ಅಮ್ಮ. ನಾನೇ ಬಿಸಿನೀರು ತಂದುಕೊಟ್ಟೆ."

"ಕುಡಿದ್ಲಾ?"

"ಲೋಟ ಖಾಲಿ ಮಾಡಿದ್ಲು."

ಅಮ್ಮ ತಲೆಯಾಡಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಆ ಹೆಂಗಸಿನ ಪಕ್ಕದಲ್ಲಿ ಕೂತು, ಅವತ್ತು ಮಗಳು ಯಾವ ಸೀರೆ ಉಟ್ಟಿದ್ದಳು, ಊಟ ಮಾಡಿದ್ದಳೋ ಇಲ್ಲವೋ ಎಂದು ಒಂದೊಂದಾಗಿ ಕೇಳತೊಡಗಿದಳು. ಹಾಡು ಮುಗಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ಹೊಸ ಮಿಕ್ಸನ್ನು ಅವನು ಆಕೆಗೇ ಕೊಟ್ಟು ಕಳಿಸಿದ. ಹಳೆಯದು ಅವನಲ್ಲೇ ಉಳಿಯಿತು. ಅಮ್ಮ ಮತ್ತೆ ಕೇಳಬೇಕೆನ್ನಲಿಲ್ಲ. ಅವನೂ ಹಾಕಲಿಲ್ಲ; ಹಾಕಲೆಂದು ಹೋಗಿ ಹಾಗೇ ವಾಪಸು ಬಂದದ್ದುಂಟು. ಇಷ್ಟು ಕಾಲ ಹುಡುಕಿದ ದನಿ ಸಿಕ್ಕಿತ್ತು, ಆದರೆ ಅದನ್ನು ನೆನೆದಾಗಲೆಲ್ಲ ಅವನಿಗೆ ಹಾಡಿಗಿಂತ ಮೊದಲು ಅಕ್ಕನ ಜ್ವರ ಕೇಳಿಸುತ್ತಿತ್ತು.